ನಂದಿದುರ್ಗದ ಮುತ್ತಿಗೆ ಮೇಲೆ ಮೆಟಲ್ ಹಾಡು: ಗ್ಯಾಲಪ್ ರಿಫ್ ಮೇಲೆ ಕನ್ನಡ ಸಾಲು ಕೂರ್ತಿಲ್ಲ

ನಂದಿಗಿರಿ_ರಿಫ್, ಚಿಕ್ಕಬಳ್ಳಾಪುರ
ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಟಿಪ್ಪುವಿನ ನಂದಿದುರ್ಗ ಹಿಡಿದ 1791ರ ಅಕ್ಟೋಬರ್ ಮುತ್ತಿಗೆ ಮೇಲೆ ಸಬಾಟನ್ (ಯುದ್ಧಗಳ ಮೇಲೆ ಹಾಡುವ ಸ್ವೀಡನ್ನಿನ ಮೆಟಲ್ ಬ್ಯಾಂಡ್) ಧಾಟಿಯ ಹಾಡು ಕಟ್ಟುತ್ತಿದ್ದೇವೆ. ಡ್ರಾಪ್ ಸಿ (ಅತಿ ದಪ್ಪ ತಂತಿಯನ್ನು ಸಿ ಸ್ವರಕ್ಕೆ ಇಳಿಸುವ ಶ್ರುತಿ), 160 ಬಿಪಿಎಂ (ನಿಮಿಷಕ್ಕೆ 160 ಬೀಟ್), ಶುರುವಿನಿಂದ ಕೊನೆವರೆಗೂ ಗ್ಯಾಲಪ್ ರಿಫ್, ಅಂದರೆ ಕುದುರೆ ಓಟದ ಲಯದಲ್ಲಿ ಮರುಕಳಿಸುವ ಗಿಟಾರ್ ತುಣುಕು. ತಂತಿ 10-46 (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ). ಆರನೇ ತಂತಿ ಗೊಜ್ಜು ಗೊಜ್ಜಾಗಿ ಕೇಳಿಸುತ್ತೆ, ಸಾಹಿತ್ಯವೂ ತಾಳಕ್ಕೆ ಕೂರ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಕೋಲಾರ_ಡ್ರಾಪ್‌ಸಿ
10-46 ಅಷ್ಟು ಕೆಳಗಿನ ಶ್ರುತಿಗೆ ತೀರಾ ಸಡಿಲ. ಜೋರಾಗಿ ಮೀಟಿದ ಕ್ಷಣ ಶ್ರುತಿ ಮೇಲಕ್ಕೆ ಏರಿ ಆಮೇಲೆ ಇಳಿಯುತ್ತೆ. 12-56 ಹಾಕಿ, ನಟ್‌ನಲ್ಲಿ (ಗಿಟಾರ್ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಗಾಡಿ) ದಪ್ಪ ತಂತಿ ಸಿಕ್ಕಿಕೊಳ್ಳುತ್ತಾ ನೋಡಿ, ಇಂಟೊನೇಶನ್ (ಕುತ್ತಿಗೆ ಉದ್ದಕ್ಕೂ ಶ್ರುತಿ ಸರಿ ಇರುವುದು) ಮತ್ತೆ ಹೊಂದಿಸಿ. ಆಂಪ್‌ನ ಗೇನ್ (ಧ್ವನಿ ಒಡೆಯುವ ಮಟ್ಟ) ಕಡಿಮೆ ಮಾಡಿ. ಓವರ್‌ಡ್ರೈವ್ ಪೆಡಲ್ ಇದ್ದರೆ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ: ಡಿಸ್ಟಾರ್ಶನ್‌ಗೆ ಹೋಗುವ ಮೊದಲೇ ಬೇಸ್ ತೆಳುವಾಗುತ್ತೆ. ಬಲಗೈ ಕೆಳಗೆ-ಕೆಳಗೆ-ಮೇಲೆ, ಅಂಗೈ ಅಂಚು ಬ್ರಿಡ್ಜ್‌ಗೆ ತಾಗಿರಲಿ. 100 ಬಿಪಿಎಂನಿಂದ ಶುರು ಮಾಡಿ ಐದೈದೇ ಏರಿಸಿ.

ಶಿರಾ_ಮಾತ್ರೆ, ತುಮಕೂರು
ಗ್ಯಾಲಪ್ ಅಂದರೆ ಒಂದು ಉದ್ದ, ಎರಡು ಗಿಡ್ಡ. ಶಾಲೆಯಲ್ಲಿ ಕಲಿತ ಭ-ಗಣವೇ ಅದು: ಗುರು, ಲಘು, ಲಘು. ಹಾಗೆ ಬೀಳುವ ಪದ ಆರಿಸಿ:

ನಂದಿಯ ಕೋಟೆಯ ಗೋಡೆಯ ಮೇಲಿನ

ನಾಲ್ಕು ಗಣ, ನಾಲ್ಕು ಬೀಟ್. ಆದರೆ 160ರಲ್ಲಿ ಒಂದು ಬಾರ್ (ನಾಲ್ಕು ಬೀಟ್) ಒಂದೂವರೆ ಸೆಕೆಂಡ್ ಮಾತ್ರ. ಹನ್ನೆರಡು ಅಕ್ಷರ ಅಷ್ಟರಲ್ಲಿ ಯಾರ ಕಿವಿಗೂ ಸ್ಪಷ್ಟವಾಗಿ ಬೀಳಲ್ಲ. ಗಿಟಾರ್ ಓಡುತ್ತಿರಲಿ, ಒಂದು ಗಣವನ್ನು ಎರಡು ಬೀಟ್‌ಗೆ ಹರಡಿ ಹಾಡಿ. ಲಘು ಇರುವ ಕಡೆ ಮಾತ್ರ ಎಳೆಯಬೇಡಿ. 'ಬಡಿ' ಅಂತ ಕೂಗಿದ್ದು 'ಬಾಡಿ' ಆದರೆ ಯುದ್ಧ ಅಲ್ಲಿಗೇ ಮುಗಿಯಿತು.

ಕೋಟೆಕಲ್ಲು
ಟೋನ್, ಗಣ ಎರಡೂ ಸರಿ. ನನ್ನ ತಕರಾರು ಗ್ಯಾಲಪ್ ಬಗ್ಗೆಯೇ. ಬ್ರಿಟಿಷ್ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ 1983ರ 'ದ ಟ್ರೂಪರ್'ನಲ್ಲಿ ಅದು ಕೂರುವುದು, ಹಾಡು 1854ರ ಬಾಲಾಕ್ಲಾವಾ ಯುದ್ಧದ ಕುದುರೆ ದಳದ್ದು ಅಂತ. ನಂದಿಯಲ್ಲಿ ಕುದುರೆ ಓಡಿಸಿ ಗೆದ್ದವರಿಲ್ಲ. ಕಂಪನಿಯ ಮೇಜರ್ ಗೌಡಿಯ ಪಡೆ ಕಡಿದಾದ ಬೆಟ್ಟಕ್ಕೆ ತೋಪು ಎಳೆಯುತ್ತಾ ಸುಮಾರು ಮೂರು ವಾರ ಮುತ್ತಿಗೆ ಹಾಕಿತ್ತು. ಅಕ್ಟೋಬರ್ 19ರ ಬೆಳಗಿನ ಜಾವ, ತಿಂಗಳ ಬೆಳಕಿನಲ್ಲಿ, ಜನರಲ್ ಮೆಡೋಸ್ ನೇತೃತ್ವದಲ್ಲಿ ಒಡೆದ ಗೋಡೆಗೆ ನುಗ್ಗಿದರು. ಕೋಟೆಯವರು ಮೇಲಿನಿಂದ ಬಂಡೆ ಉರುಳಿಸಿದರು.

ಮೂರು ವಾರದ ಭಾಗವನ್ನು 80ಕ್ಕೆ ಇಳಿಸಿ. ಕ್ಲಿಕ್ (ತಾಳ ಎಣಿಸುವ ಟಿಕ್ ಸದ್ದು) 160ರಲ್ಲೇ ಇರಲಿ, ಸ್ನೇರ್ ಡ್ರಮ್ ಮೂರನೇ ಬೀಟ್‌ಗೆ ಮಾತ್ರ, ಆಗ ವೇಗ ಅರ್ಧ ಅನಿಸುತ್ತೆ. ವೇಗ ಬದಲಾಯಿಸುವ ಜಾಗದಲ್ಲಿ ಡ್ರಮ್ಮರ್ ಜಾರಲ್ಲ. ಬಂಡೆ ಉರುಳುವ ಸದ್ದಿಗೆ ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್): ಎರಡು ಬಾರ್ ಬೀಟ್‌ಗೊಂದು ಪೆಟ್ಟು, ಎರಡು ಬಾರ್ ಎರಡೆರಡು, ಕೊನೆಯ ಎರಡಕ್ಕೆ ನಾಲ್ಕುನಾಲ್ಕು. ಅಲ್ಲಿ ಗಿಟಾರ್ ಪೂರ್ತಿ ನಿಲ್ಲಿಸಿ. ನುಗ್ಗುವಾಗ ಡಬಲ್ ಬಾಸ್ ಡ್ರಮ್ (ಎರಡೂ ಕಾಲಿನಿಂದ ಬಾರಿಸುವುದು) ಎಡೆಬಿಡದೆ ಹೋಗಲಿ.

ನಂದಿಗಿರಿ_ರಿಫ್
ಹಾಗಾದರೆ ಭ-ಗಣದ ಸಾಲು ಎಲ್ಲಿಗೆ?

ಶಿರಾ_ಮಾತ್ರೆ, ತುಮಕೂರು
80ರ ಭಾಗಕ್ಕೇ ಇಡಿ. ಅಲ್ಲಿ 80ರ ಲೆಕ್ಕದಲ್ಲಿ ಬಾರ್ ಮೂರು ಸೆಕೆಂಡ್, ಅದೇ ಸಾಲು ಅಕ್ಷರ ಅಕ್ಷರ ಕೇಳಿಸುತ್ತೆ.