ಪದಚರ್ಚೆ (ತುರ್ತು): ‘ಮಿಲ್ಕಿ ವೇ’ ಮತ್ತು ‘ಗ್ಯಾಲಕ್ಸಿ’, ಫಲಕಕ್ಕೆ ಎರಡು ಪದ ಬೇಕು

ಇಂದ: ಇಬ್ಬನಿ

ಎಲ್ಲರಿಗೂ ನಮಸ್ಕಾರ. ಒಂದು ಶಾಲೆಯ ವಿಜ್ಞಾನ ಕೊಠಡಿಯ ಗೋಡೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉಳಿದವೆಲ್ಲ ಮುಗಿದಿವೆ, ಒಂದು ಮಾತ್ರ ಬಾಕಿ. ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಮೂಲದ ತಲೆಬರಹ ‘ದಿ ಮಿಲ್ಕಿ ವೇ, ಅವರ್ ಹೋಮ್ ಗ್ಯಾಲಕ್ಸಿ’.

‘ಕ್ಷೀರಪಥ ನಮ್ಮ ಆಕಾಶಗಂಗೆ’ ಎಂದು ಬರೆದೆ. ಎರಡೂ ಒಂದೇ ಅಲ್ವಾ ಮೇಡಂ ಎಂದರು ಅಲ್ಲಿನ ಮೇಷ್ಟ್ರು. ‘ಆಕಾಶಗಂಗೆ ನಮ್ಮ ಗ್ಯಾಲಕ್ಸಿ’ ಎಂದು ತಿದ್ದಿದರೆ, ಕನ್ನಡದಲ್ಲಿ ಪದ ಇಲ್ವಾ ಎನ್ನುತ್ತಾರೆ ಇನ್ನೊಬ್ಬರು. ಪತ್ರಿಕೆಗಳಲ್ಲಿ ಎರಡೂ ಬಗೆ ಸಿಗುತ್ತವೆ. ನನಗೆ ಬೇಕಾದದ್ದು ಒಂದು ಅಂಕಿತನಾಮ, ಒಂದು ರೂಢನಾಮ. ಫಲಕದ ಒಳಗೆ ‘100ರಿಂದ 400 ಬಿಲಿಯನ್’ ನಕ್ಷತ್ರಗಳು ಎಂದೂ ಇದೆ. ಅದನ್ನು ‘ಶತಕೋಟಿ’ ಎನ್ನಬಹುದೇ?

ಇಂದ: ಕಡಲತಡಿ

ಹಾಲುಹಾದಿ. ರೂಢನಾಮಕ್ಕೆ ಅರಿಲ್ಬಳಗ. ಅರಿಲ್ ಎಂದರೆ ನಕ್ಷತ್ರ, ಕಿಟೆಲ್ ನಿಘಂಟು ತೆಗೆದು ನೋಡಿ. ತೆಲುಗಿನಲ್ಲಿ ಪಾಲಪುಂತ, ತಮಿಳಿನಲ್ಲಿ ಪಾಲ್‌ವೀದಿ ಎಂದು ಮಕ್ಕಳೂ ಓದುತ್ತಾರೆ. ಹಾಲು ಮನೆಯಲ್ಲಿದ್ದೂ ಕ್ಷೀರಕ್ಕಾಗಿ ಪಕ್ಕದ ಮನೆಯ ಬಾಗಿಲು ತಟ್ಟುವವರು ನಾವೊಬ್ಬರೇ. ನಮ್ಮವರು ಹಾಲುಗಡಲು ಎಂದವರು. ಕಡಲಿಗೆ ಹೊಂದಿದ ಹಾಲು ಹಾದಿಗೆ ಹೊಂದುವುದಿಲ್ಲವೇ?

ಇಂದ: ಶಬ್ದಮಣಿ

‘ಪಾಲ್‌ವೀದಿ’ಯ ವೀದಿ ಸಂಸ್ಕೃತದ ವೀಥಿ. ಸಾಕ್ಷಿಗೆ ತಂದ ಪದವೇ ಎದುರು ಪಕ್ಷದ್ದು.

ಹಾಗೆಂದು ‘ಕ್ಷೀರಪಥ’ವನ್ನು ನಾನು ಒಪ್ಪುವುದಿಲ್ಲ. ಅದು ಸಂಸ್ಕೃತದ ಪಂಚೆ ಉಟ್ಟ ಲ್ಯಾಟಿನ್. ಅವರು ‘ವಿಯಾ ಲ್ಯಾಕ್ಟಿಯಾ’ ಎಂದರು, ನಾವು ಒಂದೊಂದೇ ಪದ ಎತ್ತಿ ಇಟ್ಟೆವು. ‘ಹಾಲುಹಾದಿ’ಯೂ ಅದೇ ಲ್ಯಾಟಿನ್, ಉಟ್ಟದ್ದು ಮಾತ್ರ ಲುಂಗಿ. ಅಮರಕೋಶದಲ್ಲಿ ಅಮರಸಿಂಹ ದೇವಗಂಗೆಗೆ ಕೊಟ್ಟ ಹೆಸರುಗಳು ಮಂದಾಕಿನೀ, ವಿಯದ್ಗಂಗಾ, ಸ್ವರ್ಣದೀ, ಸುರದೀರ್ಘಿಕಾ. ಆ ಸಾಲಿನಲ್ಲಿ ಹಾಲಿಲ್ಲ. ಮರಾಠಿಯವರು ಗ್ಯಾಲಕ್ಸಿಗೆ ‘ದೀರ್ಘಿಕಾ’, ಹಿಂದಿಯವರು ‘ಮಂದಾಕಿನಿ’ ಇಟ್ಟುಕೊಂಡಿದ್ದಾರೆ. ಅಂಕಿತನಾಮ ಆಕಾಶಗಂಗೆ, ರೂಢನಾಮ ಮಂದಾಕಿನಿ. ಚರ್ಚೆ ಮುಗಿಯಿತು.

ಇಂದ: ಕಡಲತಡಿ

ಮಂದಾಕಿನಿಯೂ ಆಕಾಶಗಂಗೆಯೂ ಒಂದೇ ನದಿಯ ಹೆಸರುಗಳು ಎಂದು ನೀವೇ ಅಮರಕೋಶ ತೋರಿಸಿದಿರಿ. ಮತ್ತೆ ಮೇಷ್ಟ್ರ ಪ್ರಶ್ನೆಗೇ ಬಂದು ನಿಂತಿರಿ.

ಇಂದ: ದೂರದರ್ಶಕ

ಹಾದಿಯೋ ನದಿಯೋ ಎಂದು ಇಬ್ಬರೂ ಹೊಡೆದಾಡುತ್ತಿದ್ದೀರಿ. ಇರುವ ವಸ್ತು ಎರಡೂ ಅಲ್ಲ, ಒಂದು ತೆಳು ತಟ್ಟೆ. ಅಡ್ಡಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ನಕ್ಷತ್ರಗಳು ದಟ್ಟವಾಗಿರುವ ಪದರದ ದಪ್ಪ 1,000 ಜ್ಯೋತಿರ್ವರ್ಷದ ಆಸುಪಾಸು. ಹೆಂಚಿನ ಮೇಲಿನ ದೋಸೆಯ ಪ್ರಮಾಣ ಅನ್ನಿ. ನಾವು ಅದರ ಒಳಗೇ, ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ಆಚೆ, ಓರಾಯನ್ ತೋಳು ಎನ್ನುವ ಕಡೆ ಇದ್ದೇವೆ. ಒಳಗಿನಿಂದ ಅಂಚಿನತ್ತ ಕಣ್ಣು ಹಾಯಿಸಿದರೆ ನಕ್ಷತ್ರಗಳು ಒಂದರ ಹಿಂದೊಂದು ಸೇರಿ ಬಿಳಿ ಪಟ್ಟಿಯಾಗುತ್ತವೆ. ಪಟ್ಟಿ ಕಾಣುವುದು ತಟ್ಟೆಯನ್ನು ನಾವು ಒಳಗಿನಿಂದ ನೋಡುವುದರಿಂದ, ವಸ್ತುವೇ ಪಟ್ಟಿಯಂತಿದೆ ಎಂದಲ್ಲ. ನಡುನಡುವೆ ಕಪ್ಪಗೆ ಸೀಳಿದಂತೆ ಕಾಣುವುದೂ ಖಾಲಿಯಲ್ಲ, ಬೆಳಕನ್ನು ತಡೆದ ಧೂಳು. ತಟ್ಟೆಯ ನಡುವೆ ಕೋಲಿನಂಥ ನಕ್ಷತ್ರರಾಶಿ, ಅದರ ಸುತ್ತ ಸುರುಳಿ ತೋಳುಗಳು, ನಟ್ಟನಡುವೆ ಸೂರ್ಯನ 40 ಲಕ್ಷ ಪಟ್ಟು ದ್ರವ್ಯರಾಶಿಯ ಕಪ್ಪುರಂಧ್ರ. ಅದರ ಚಿತ್ರ 2022ರ ಮೇ ತಿಂಗಳಲ್ಲಿ ಪ್ರಕಟವಾಯಿತು.

ಈ ಎರಡು ಪದಗಳ ತೊಡಕು ನಮ್ಮ ಭಾಷೆಯ ಬಡತನದಿಂದ ಬಂದದ್ದಲ್ಲ. ಗ್ರೀಕಿನಲ್ಲಿ ‘ಗಾಲ’ ಎಂದರೆ ಹಾಲು, ‘ಗ್ಯಾಲಕ್ಸಿ’ ಎಂಬುದೂ ಹಾಲಿನ ಪಟ್ಟಿಯೇ. ಅಂದರೆ ಇಂಗ್ಲಿಷಿನಲ್ಲೂ ಎರಡೂ ಒಂದೇ ಹೆಸರು. 1610ರಲ್ಲಿ ಗೆಲಿಲಿಯೊ ದುರ್ಬೀನಿನಲ್ಲಿ ನೋಡಿ, ಇದು ಮೋಡವಲ್ಲ, ಲೆಕ್ಕವಿಲ್ಲದ ನಕ್ಷತ್ರಗಳು ಎಂದ. ಆದರೆ ಇಂಥದ್ದು ಇನ್ನೊಂದಿದೆಯೇ? 1920ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಖಗೋಳಜ್ಞರಾದ ಶೇಪ್ಲಿ ಮತ್ತು ಕರ್ಟಿಸ್ ಎದುರುಬದುರು ನಿಂತು ವಾದಿಸಿದ್ದು ಇದನ್ನೇ. ಶೇಪ್ಲಿಯ ಪ್ರಕಾರ ನಮ್ಮದೇ ಸರ್ವಸ್ವ, ಮಂಜಿನಂತೆ ಕಾಣುವ ಸುರುಳಿ ನೀಹಾರಿಕೆಗಳು ಅದರ ಪುಟ್ಟ ಪರಿವಾರ. ಅವು ಬೇರೆ ಬೇರೆ ಲೋಕಗಳು ಎಂದ ಕರ್ಟಿಸ್. ಹಬಲ್ ಆಂಡ್ರೊಮಿಡಾ ಎಂಬ ಅಂಥ ಒಂದು ಸುರುಳಿಯಲ್ಲಿ ಮಿಡಿಯುವ ನಕ್ಷತ್ರ ಹಿಡಿದು ದೂರ ಅಳೆದ ಮೇಲೆ, 1925ರ ಹೊತ್ತಿಗೆ ಕರ್ಟಿಸ್‌ನ ಮಾತು ನಿಂತಿತು. ಇಂದಿನ ಲೆಕ್ಕದಲ್ಲಿ ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರ. ಒಂದೇ ಇದೆ ಎಂದುಕೊಂಡಿದ್ದಕ್ಕೆ ಇಟ್ಟ ಹೆಸರು ಹೀಗೆ ಜಾತಿಯ ಹೆಸರಾಯಿತು. ಇಂಗ್ಲಿಷಿನವರು ನಮ್ಮದಕ್ಕೆ ದೊಡ್ಡಕ್ಷರ, ಉಳಿದವಕ್ಕೆ ಚಿಕ್ಕಕ್ಷರ ಇಟ್ಟು ಪಾರಾದರು. ನಮ್ಮ ಲಿಪಿಯಲ್ಲಿ ಆ ಸೌಕರ್ಯವಿಲ್ಲ, ಆದ್ದರಿಂದ ಪದವೇ ಬೇರೆಯಾಗಬೇಕು.

ನನ್ನ ಮತ: ನಮ್ಮದಕ್ಕೆ ಆಕಾಶಗಂಗೆ, ಜಾತಿಗೆ ಗ್ಯಾಲಕ್ಸಿ.

‘ಶತಕೋಟಿ’ ಖಂಡಿತ ಬೇಡ. ‘100 ಶತಕೋಟಿ’ ಎಂದರೆ ಹುಡುಗರು ನೂರು ಕೋಟಿ ಎಂದು ಓದಿಕೊಳ್ಳುತ್ತಾರೆ. 10,000 ಕೋಟಿಯಿಂದ 40,000 ಕೋಟಿ ಎಂದು ಬಿಡಿಸಿ ಬರೆಯಿರಿ.

ಇಂದ: ಶಬ್ದಮಣಿ

ದೋಸೆಯನ್ನು ಫಲಕಕ್ಕೆ ಏರಿಸದಿದ್ದರೆ ಸಾಕು. ‘ನೀಹಾರಿಕೆ’ಯನ್ನು ಮಾತ್ರ ಯಾರೂ ಗ್ಯಾಲಕ್ಸಿಗೆ ಬಳಸಬೇಡಿ. ನೀಹಾರ ಎಂದರೆ ಮಂಜು, ಅದು ಅನಿಲ ಮತ್ತು ಧೂಳಿನ ಮೋಡಕ್ಕೇ ಇರಲಿ.

ಇಂದ: ಚಿಕ್ಕಿ ಮಾಸ್ತರ, ಧಾರವಾಡ

ಅಲ್ರೀ, ಆ ತಂಗಿ ಕೇಳಿದ್ದೇನು, ನೀವು ಹೇಳಾಕತ್ತಿದ್ದೇನು? ನಾಳೆ ಸಂಜಿಗೆ ಫ್ಲೆಕ್ಸ್ ಕೊಡಬೇಕಾಗೇದ ಆಕಿಗೆ.

ದೂರದರ್ಶಕರಿಗೆ ಒಂದು ಮಾತು. ಚಂದ್ರ ಅಂದ್ರ ನಮಗ ಒಬ್ಬನ ಇದ್ದ. ಅದೇ 1610ರಾಗ ಗೆಲಿಲಿಯೊ ಗುರುವಿನ ಸುತ್ತ ನಾಕು ಕಂಡ. ಈಗ ಎಲ್ಲಾರೂ ‘ಗುರುವಿನ ಚಂದ್ರರು’ ಅಂತಾರ, ಯಾರಿಗೂ ಗಲಿಬಿಲಿ ಆಗಿಲ್ಲ. ಹಂಗ ‘ಆಂಡ್ರೊಮಿಡಾ ಆಕಾಶಗಂಗೆ’ ಅಂತ ಪೇಪರಿನ್ಯಾಗ ಆಗಲೇ ಬರಾಕತ್ತೇದ. ರೂಢಿ ಬಿದ್ದದ್ದನ್ನ ಯಾಕ ಕಿತ್ತತೀರಿ? ರೂಢನಾಮ ಆಕಾಶಗಂಗೆ, ಹೆಸರು ಕ್ಷೀರಪಥ. ಮಂದಿ ಅರ್ಧಕ್ಕರ್ಧ ಹಂಗ ಬರೀತಾರ.

ಇಂದ: ದೂರದರ್ಶಕ

ಮಾಸ್ತರ ಚಂದ್ರನ ಮಾತು ಗಟ್ಟಿಯಾಗಿದೆ. ಆದರೆ ಅಲ್ಲಿ ತೂಕಕ್ಕೆ ‘ಉಪಗ್ರಹ’ ಎಂಬ ಪದ ಕೈಯಲ್ಲಿದೆ, ಗೊಂದಲವಾದಾಗ ಅದನ್ನು ಬಳಸುತ್ತೇವೆ. ಇಲ್ಲಿ ಅಂಥ ಮೂರನೇ ಪದವಿಲ್ಲ. ಮೇಲಾಗಿ ಬಾನಿನಲ್ಲಿ ಕಣ್ಣಿಗೆ ಬೀಳುವ ಆ ಪಟ್ಟಿಗೆ ಆಕಾಶಗಂಗೆ ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದೇವೆ. ಏಪ್ರಿಲ್ ಮೇನಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಊರ ದೀಪಗಳಿಂದ ದೂರ ಹೋಗಿ ಧನು ರಾಶಿಯತ್ತ ನೋಡಿದ ಮಗುವಿಗೆ ‘ಅಗೋ ಆಕಾಶಗಂಗೆ’ ಎಂದರೆ ಸಾಕಾಗಬೇಕು.

ಇಂದ: ಕಡಲತಡಿ

ಕೊನೆಗೆ ಗೆದ್ದದ್ದು ಒಂದು ಸಂಸ್ಕೃತ, ಒಂದು ಗ್ರೀಕ್. ಕನ್ನಡಕ್ಕೆ ಉಳಿದದ್ದು ‘ನಮ್ಮ’ ಎಂಬುದೊಂದೇ. ಹೊಸ ವಸ್ತು ಬಂದಾಗಲೆಲ್ಲ ಸಾಲ ತಂದರೆ ಪದ ಕಟ್ಟುವ ಕಸುವು ಎಲ್ಲಿಂದ ಬರಬೇಕು? ಖಗೋಳವಿಜ್ಞಾನಕ್ಕೆ ‘ಬಾನರಿಮೆ’ ಎಂದಾಗಲೂ ನಕ್ಕಿದ್ದಿರಿ.

ಇಂದ: ಶಬ್ದಮಣಿ

ಕಸುವಿನ ಮಾತು ಆಮೇಲೆ. ಸೂರ್ಯ ಈ ತಟ್ಟೆಯ ಸುತ್ತ ಒಂದು ಸುತ್ತು ಬರಲು 22ರಿಂದ 25 ಕೋಟಿ ವರ್ಷ ಬೇಕು. ಇದನ್ನು ಅಚ್ಚಗನ್ನಡದಲ್ಲಿ ಹೇಳಿ. ಲಕ್ಷ, ಕೋಟಿ ಎರಡೂ ಸಂಸ್ಕೃತ. ಸಾವಿರವೂ ಸಹಸ್ರದ ತದ್ಭವ. ನೂರು ದಾಟಿದರೆ ನಿಮ್ಮ ಗಂಟಿನಲ್ಲಿ ಕಾಸಿಲ್ಲ.

ಇಂದ: ಕಡಲತಡಿ

ಹತ್ತುನೂರು ಎನ್ನುತ್ತೇವೆ. ಎಣಿಸಲು ಬರುವವರಿಗೆ ಅದು ಸಾಕು.

ಇಂದ: ಚಿಕ್ಕಿ ಮಾಸ್ತರ, ಧಾರವಾಡ

ಹತ್ತುನೂರು ಹತ್ತುನೂರು ಅನ್ನಕೋತ 40,000 ಕೋಟಿ ಮುಟ್ಟೂದ್ರಾಗ ಸೂರ್ಯ ಇನ್ನೊಂದು ಸುತ್ತು ಹಾಕಿರ್ತಾನ.

ಇಂದ: ಇಬ್ಬನಿ

ಎಲ್ಲರಿಗೂ ವಂದನೆ. ಈಗ ಅಂಗಡಿಗೆ ಕಳಿಸಿದ ಪಾಠ ಇದು:

‘ಆಕಾಶಗಂಗೆ: ನಮ್ಮ ಗ್ಯಾಲಕ್ಸಿ. ಕ್ಷೀರಪಥ, ಹಾಲುಹಾದಿ ಎಂದೂ ಕರೆಯುತ್ತಾರೆ. ಇದರ ವ್ಯಾಸ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಇದರಲ್ಲಿ 10,000 ಕೋಟಿಯಿಂದ 40,000 ಕೋಟಿ ನಕ್ಷತ್ರಗಳಿವೆ ಎಂದು ಅಂದಾಜು. ಸೂರ್ಯ ಅವುಗಳಲ್ಲಿ ಒಂದು. ಒಂದು ಜ್ಯೋತಿರ್ವರ್ಷ ಎಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್.’

‘ಗೆಲಾಕ್ಸಿ’ ಬೇಡವೇ ಎಂದು ಯಾರೂ ಕೇಳಬೇಡಿ, ದಯವಿಟ್ಟು.

ಇಂದ: ಕಡಲತಡಿ

ಹಾಲುಹಾದಿ ಮೂರನೆಯ ಸ್ಥಾನದಲ್ಲಾದರೂ ಬಂತು. ‘ವ್ಯಾಸ’ ಯಾಕೆ? ದೂರದರ್ಶಕರೇ ‘ಅಡ್ಡಗಲ’ ಎಂದು ಬರೆದಿದ್ದರಲ್ಲ.