ಅಪ್‌ಡೇಟ್ ಆದ ಮೇಲೆ ಕೀಬೋರ್ಡ್ ಪೂರ್ತಿ ಸತ್ತಿದೆ, ಮೌಸ್ ಮಾತ್ರ ಓಡುತ್ತಿದೆ

ಫೋನಲ್ಲೇ_ಟೈಪಿಂಗ್:

ಎಲ್ಲರಿಗೂ ನಮಸ್ಕಾರ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ರಾತ್ರಿ ಅಪ್‌ಡೇಟ್‌ಗೆ ಬಿಟ್ಟು ಮಲಗಿದ್ದೆ, ತಿಂಗಳು ತಿಂಗಳು ಬರುವ ಚಿಕ್ಕದಲ್ಲ, ಆವೃತ್ತಿಯೇ ಬದಲಾಗುವ ದೊಡ್ಡದು. ಬೆಳಗ್ಗೆ ಲಾಗಿನ್ ಪರದೆ ಬಂತು, ಪಾಸ್‌ವರ್ಡ್ ಹೊಡೆಯೋಣ ಅಂದ್ರೆ ಒಂದು ಚುಕ್ಕೆಯೂ ಬೀಳುತ್ತಿಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಕೂಡ ಹತ್ತಲ್ಲ. ಟಚ್‌ಪ್ಯಾಡ್ ಸರಿಯಾಗಿದೆ. ಆಫ್ ಮಾಡಿ ಆನ್ ಮಾಡಿದೆ, ಅದೇ ಕಥೆ. ನೀರು ಬಿದ್ದಿಲ್ಲ, ಕೆಳಗೆ ಬಿದ್ದಿಲ್ಲ, ನಿನ್ನೆ ಸಂಜೆವರೆಗೂ ಇದರಲ್ಲೇ ಕೆಲಸ ಮಾಡಿದ್ದೇನೆ. ರಿಪೇರಿಗೆ ಕೊಟ್ಟರೆ ಕೀಬೋರ್ಡೇ ಬದಲಾಯಿಸಬೇಕು ಅಂತಾರೇನೋ ಅಂತ ಭಯ. ಇದು ಹಾರ್ಡ್‌ವೇರ್ ತೊಂದರೆಯಾ, ಸಾಫ್ಟ್‌ವೇರಾ? ಹೇಗೆ ಗೊತ್ತು ಮಾಡಿಕೊಳ್ಳೋದು?

ಒಂದೇ_ಮದ್ದು:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಫೈಲ್‌ಗಳನ್ನು ಉಳಿಸಿಕೊಂಡು ರೀಸೆಟ್ ಮಾಡುವ ಆಯ್ಕೆ ಇರುತ್ತದೆ, ಅದನ್ನು ಒತ್ತಿಬಿಡಿ. ಇಂಥ ತೊಂದರೆಗಳಲ್ಲಿ ಹತ್ತಕ್ಕೆ ಒಂಬತ್ತು ಅದರಲ್ಲೇ ಹೋಗುತ್ತವೆ.

ಸರ್ವಿಸ್_ಬೆಂಚ್:

ದಯವಿಟ್ಟು ಈಗಲೇ ರೀಸೆಟ್ ಬೇಡ. ಫೈಲ್ ಉಳಿಯುತ್ತದೆ ನಿಜ, ಆದರೆ ನೀವು ಹಾಕಿಕೊಂಡ ಪ್ರೋಗ್ರಾಮ್‌ಗಳೆಲ್ಲ ಹೋಗುತ್ತವೆ. ಜೊತೆಗೆ ಡಿಸ್ಕ್‌ಗೆ ಬಿಟ್‌ಲಾಕರ್ ಅನ್ನುವ ಬೀಗ ಹಾಕಿದ್ದರೆ ರಿಕವರಿ ಪರದೆಯಲ್ಲಿ (ವಿಂಡೋಸ್ ರಿಪೇರಿ ಮಾಡುವ ಪರದೆ) 48 ಅಂಕಿಯ ಕೀ ಕೇಳುವ ಸಾಧ್ಯತೆ ಇದೆ. ಕೀಬೋರ್ಡ್ ಇಲ್ಲದೆ 48 ಅಂಕಿ ಎಲ್ಲಿ ಹೊಡೆಯುತ್ತೀರಿ? ಆ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್ ಇದ್ದೇ ಇರುತ್ತದೆ ಅಂತಲೂ ನಂಬಿಕೊಂಡು ಕೂರಬೇಡಿ. 2025ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಆಗಿದ್ದು ಅದೇ ಅಲ್ವಾ: ವಿಂಡೋಸ್ ಒಳಗೆ ಎಲ್ಲ ಸರಿ, ರಿಕವರಿ ಪರದೆಗೆ ಹೋದರೆ ಮಾತ್ರ ಯುಎಸ್‌ಬಿ ಕೀಬೋರ್ಡೂ ಇಲ್ಲ ಮೌಸೂ ಇಲ್ಲ. ಅದಕ್ಕೆ ವಾರದೊಳಗೆ ಬೇರೆ ಅಪ್‌ಡೇಟ್ ಬಿಟ್ಟರು, ಅದು ಬೇರೆ ಮಾತು.

ಮೊದಲು ನೀವು ಒತ್ತಿದ ಕೀ ಎಲ್ಲಿವರೆಗೆ ಹೋಗುತ್ತಿದೆ ನೋಡೋಣ. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಬಯೋಸ್‌ಗೆ, ಅಂದ್ರೆ ವಿಂಡೋಸ್ ಶುರುವಾಗುವ ಮೊದಲೇ ಬರುವ ಸೆಟ್ಟಿಂಗ್ ಪರದೆಗೆ, ಹೋಗುವ ಕೀ ಒತ್ತಿ. ಸಾಮಾನ್ಯವಾಗಿ ಎಫ್2 ಅಥವಾ ಡಿಲೀಟ್, ಕೆಲವದರಲ್ಲಿ ಎಫ್10. ಅಲ್ಲಿ ಬಾಣದ ಕೀಗಳು ಓಡಾಡಿದರೆ ಕೀಬೋರ್ಡ್ ಗಟ್ಟಿಯಾಗಿದೆ ಅಂತ ಅರ್ಥ, ಆ ಪರದೆಗೂ ವಿಂಡೋಸ್‌ಗೂ ಸಂಬಂಧ ಇಲ್ಲ. ಅಲ್ಲೂ ಓಡಾಡದಿದ್ದರೆ ಒಳಗಿನ ಪಟ್ಟಿ ಕೇಬಲ್ ಸಡಿಲ ಆಗಿರಬಹುದು, ಆಗ ಅಂಗಡಿಗೆ ಹೋಗಲೇಬೇಕು.

ಲಾಗಿನ್ ಆಗೋಕೆ ಕೀಬೋರ್ಡ್ ಬೇಕಿಲ್ಲ. ಲಾಗಿನ್ ಪರದೆಯ ಕೆಳಗೆ ಬಲಮೂಲೆಯಲ್ಲಿ ಒಬ್ಬ ಮನುಷ್ಯನ ಚಿತ್ರದ ಗುಂಡಿ ಇರುತ್ತದೆ, ಅದರಲ್ಲಿ ಆನ್‌ಸ್ಕ್ರೀನ್ ಕೀಬೋರ್ಡ್ ಇದೆ. ಮೌಸ್‌ನಲ್ಲಿ ಒತ್ತಿ ಒಳಗೆ ಹೋಗಿ. ಅದೇ ಜಾಗದಲ್ಲಿ ಫಿಲ್ಟರ್ ಕೀಸ್ ಅಂತ ಇರುತ್ತದೆ, ಆನ್ ಆಗಿದ್ದರೆ ಆಫ್ ಮಾಡಿ. ಅದು ಆನ್ ಇದ್ದಾಗ ಚಕಚಕ ಒತ್ತಿದ ಕೀಗಳನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಒತ್ತಿ ಹಿಡಿದರೆ ಮಾತ್ರ ಅಕ್ಷರ ಬೀಳುತ್ತದೆ. ಬಲಗಡೆ ಶಿಫ್ಟನ್ನು 8 ಸೆಕೆಂಡ್ ಹಿಡಿದುಕೊಂಡರೆ ತಾನೇ ಆನ್ ಆಗುವ ಗುಣ ಅದಕ್ಕಿದೆ. ಎಷ್ಟೋ ಜನ ಇದೊಂದಕ್ಕೇ ಕೀಬೋರ್ಡ್ ಬದಲಾಯಿಸಿಕೊಂಡಿದ್ದಾರೆ, ನನಗೇ ಗೊತ್ತಿರುವವರು ಇದ್ದಾರೆ.

ಇನ್ನೊಂದು. ಆಫ್ ಮಾಡಿ ಆನ್ ಮಾಡಿದೆ ಅಂದಿರಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಅನ್ನೋದು ಅರ್ಧ ನಿದ್ದೆ ಅಷ್ಟೆ, ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ (ಸಾಧನಗಳನ್ನು ನಡೆಸುವ ಪ್ರೋಗ್ರಾಮ್‌ಗಳು) ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಮೊದಲಿಂದ ಶುರು. ಅದನ್ನೊಮ್ಮೆ ಮಾಡಿ. ಆಮೇಲೆ ಹೊರಗಿನ ಯುಎಸ್‌ಬಿ ಕೀಬೋರ್ಡ್ ಸಿಕ್ಕರೆ ಚುಚ್ಚಿ ನೋಡಿ ಹೇಳಿ.

ಫೋನಲ್ಲೇ_ಟೈಪಿಂಗ್:

ಬಹಳ ಥ್ಯಾಂಕ್ಸ್ ಸರ್. ಬಯೋಸ್‌ನಲ್ಲಿ ಎಲ್ಲ ಕೀಗಳೂ ಕೆಲಸ ಮಾಡುತ್ತಿವೆ! ಅಷ್ಟರ ಮಟ್ಟಿಗೆ ಉಸಿರು ಬಂತು. ಫಿಲ್ಟರ್ ಕೀಸ್ ಆಫ್ ಇದೆ. ರೀಸ್ಟಾರ್ಟ್ ಮಾಡಿದೆ, ಪ್ರಯೋಜನ ಇಲ್ಲ. ಆನ್‌ಸ್ಕ್ರೀನ್ ಕೀಬೋರ್ಡ್‌ನಿಂದ ಒಳಗೆ ಬಂದಿದ್ದೇನೆ. ವಿಚಿತ್ರ ಏನಂದ್ರೆ ಯುಎಸ್‌ಬಿ ಕೀಬೋರ್ಡ್ ಹಾಕಿದರೆ ಅದೂ ಸತ್ತಂತೆ ಇದೆ, ಅದೇ ಪೋರ್ಟ್‌ಗೆ ಯುಎಸ್‌ಬಿ ಮೌಸ್ ಹಾಕಿದರೆ ಓಡುತ್ತದೆ. ಎರಡೂ ಕೀಬೋರ್ಡ್ ಒಟ್ಟಿಗೆ ಹಾಳಾಗೋಕೆ ಸಾಧ್ಯನಾ?

ಟರ್ಮಿನಲ್_ಪ್ರಿಯ:

ಲಿನಕ್ಸ್ ಹಾಕಿ ಅಂತ ಹೇಳೋಕೆ ಬಂದಿಲ್ಲ, ಹೆದರಬೇಡಿ :) ಈ ತೊಂದರೆ ನಮ್ಮಲ್ಲೂ ಇದೆ. ಹೊಸ ಕರ್ನಲ್ ಬಂದ ಮೇಲೆ ಕೀಬೋರ್ಡ್ ಹೋದರೆ ನಾವು ಆನ್ ಮಾಡಿದಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಬೂಟ್ ಮಾಡುತ್ತೇವೆ. ಹಳೆಯದರಲ್ಲಿ ಬಂದರೆ ತಪ್ಪು ಕರ್ನಲ್‌ದು, ವಾದವೇ ಇಲ್ಲ. 2022ರ ಸುಮಾರಿಗೆ ರೈಜನ್ 6000 ಸಾಲಿನ ಪ್ರೊಸೆಸರ್ ಇದ್ದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಕೀಬೋರ್ಡ್ ಮಾತ್ರ ಸತ್ತಿರುತ್ತಿತ್ತು, ಯುಎಸ್‌ಬಿಯದು ಚೆನ್ನಾಗಿ ಓಡುತ್ತಿತ್ತು. ಯಾಕಂದ್ರೆ ಎಷ್ಟೋ ಲ್ಯಾಪ್‌ಟಾಪ್‌ಗಳ ಒಳಗಿನ ಕೀಬೋರ್ಡ್ ಇವತ್ತಿಗೂ ಹಳೇ ಕಾಲದ ಪಿಎಸ್/2 ದಾರಿಯಲ್ಲೇ ಮಾತಾಡುತ್ತದೆ, ಆಗ ಕೆಟ್ಟಿದ್ದು ಆ ದಾರಿಯ ಇಂಟರಪ್ಟ್ (ಕೀ ಒತ್ತಿದ್ದನ್ನು ಪ್ರೊಸೆಸರ್‌ಗೆ ತಿಳಿಸುವ ಸಂಕೇತ) ಸೆಟ್ಟಿಂಗ್. ನಿಮ್ಮದರಲ್ಲಿ ಎರಡೂ ಹೋಗಿರೋದರಿಂದ ಕಥೆ ಬೇರೆ. ಮೇಲಿನವರು ಹೇಳಲಿ.

ಮ್ಯಾಕ್ ಇಟ್ಟುಕೊಂಡು ಈ ಚರ್ಚೆಗೆ ಬಂದವರಿದ್ದರೆ ಒಂದು ಮಾತು: ಆಪಲ್ ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ 2022ರ ವೆಂಚುರಾ ಆವೃತ್ತಿಯಿಂದ ಈಚೆಗೆ ಹೊಸ ಯುಎಸ್‌ಬಿ ಸಾಧನ ಚುಚ್ಚಿದರೆ ಮೊದಲು ಅನುಮತಿ ಕೇಳುತ್ತದೆ. ಆ ಪುಟ್ಟ ಡಬ್ಬಿಯನ್ನು ಗಮನಿಸದೆ ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳುವವರು ಜಾಸ್ತಿ.

ಸರ್ವಿಸ್_ಬೆಂಚ್:

ಎರಡೂ ಒಟ್ಟಿಗೆ ಹಾಳಾಗಿಲ್ಲ. ಎರಡೂ ಹಾದುಹೋಗುವ ಒಂದೇ ಬಾಗಿಲು ಮುಚ್ಚಿದೆ. ಒಳಗಿನ ಕೀಬೋರ್ಡ್‌ಗೆ ಒಂದು ಡ್ರೈವರ್, ಯುಎಸ್‌ಬಿಗೆ ಇನ್ನೊಂದು, ಆದರೆ ಅವೆರಡರ ಮೇಲೆ ಕೆಬಿಡಿಕ್ಲಾಸ್ ಅನ್ನುವ ಡ್ರೈವರ್ ಕೂತಿರುತ್ತದೆ, ಯಾವ ಕೀಬೋರ್ಡ್ ಆದರೂ ಅದರ ಮೂಲಕವೇ ಬರಬೇಕು. ಕೆಲವು ಪ್ರೋಗ್ರಾಮ್‌ಗಳು ತಮ್ಮದೊಂದು ಡ್ರೈವರನ್ನೂ ಅದೇ ಜಾಗದಲ್ಲಿ ತೂರಿಸುತ್ತವೆ. ಕೀ ಅದಲುಬದಲು ಮಾಡುವ ಸಾಫ್ಟ್‌ವೇರ್, ಮ್ಯಾಕ್ರೋ ಟೂಲ್, ಬ್ಯಾಂಕಿಂಗ್ ಸುರಕ್ಷತೆ ಅಂತ ಬರುವ ಕೆಲವು, ಇಂಥವು. ಹಿಂದೆ ಯಾವತ್ತಾದರೂ ಅಂಥದ್ದು ಹಾಕಿದ್ದಿರಾ?

ಡಿವೈಸ್ ಮ್ಯಾನೇಜರ್ ತೆರೆದು ಕೀಬೋರ್ಡ್ಸ್ ಬಿಡಿಸಿ. ಹಳದಿ ತ್ರಿಕೋನ ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಒಳಗೆ ಕೋಡ್ ಅಂತ ಒಂದು ಸಂಖ್ಯೆ ಬರೆದಿರುತ್ತದೆ. 39 ಅಥವಾ 19 ಇದ್ದರೆ ನನ್ನ ಅನುಮಾನ ಸರಿ.

ಫೋನಲ್ಲೇ_ಟೈಪಿಂಗ್:

ಎರಡಕ್ಕೂ ಹಳದಿ ತ್ರಿಕೋನ, ಎರಡಕ್ಕೂ ಕೋಡ್ 39! ಹೌದು, ಹಿಂದೆ ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಮಾಡಿಕೊಳ್ಳೋಕೆ ಒಂದು ಚಿಕ್ಕ ಸಾಫ್ಟ್‌ವೇರ್ ಹಾಕಿದ್ದೆ. ಈಗ ಆ್ಯಪ್‌ಗಳ ಪಟ್ಟಿಯಲ್ಲಿ ಕಾಣುತ್ತಿಲ್ಲ.

ಸರ್ವಿಸ್_ಬೆಂಚ್:

ಪಟ್ಟಿಯಲ್ಲಿ ಇದ್ದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ ಅನ್ನುತ್ತಿದ್ದೆ, ಅದೇ ಸರಿಯಾದ ದಾರಿ. ಈಗ ಏನಾಗಿರುತ್ತದೆ ಅಂದ್ರೆ, ದೊಡ್ಡ ಅಪ್‌ಡೇಟ್ ಬಂದಾಗ ವಿಂಡೋಸ್ ತನ್ನನ್ನೇ ಹೊಸದಾಗಿ ಹಾಕಿಕೊಂಡು ಹಳೆಯ ಸೆಟ್ಟಿಂಗ್‌ಗಳನ್ನು ತಂದು ಜೋಡಿಸುತ್ತದೆ. ಆ ಡ್ರೈವರ್‌ನ ಹೆಸರು ಬಂದಿದೆ, ಫೈಲ್ ಬಂದಿಲ್ಲ. ಅಥವಾ ಫೈಲ್ ಇದ್ದರೂ ಹಳೆಯದು ಅಂತ ಮೆಮೊರಿ ಇಂಟೆಗ್ರಿಟಿ ಅನ್ನುವ ವಿಂಡೋಸ್ ಸುರಕ್ಷತಾ ವ್ಯವಸ್ಥೆ ತಡೆದಿದೆ. ಹೇಗಿದ್ದರೂ ಕೀಬೋರ್ಡ್ ಡ್ರೈವರ್‌ಗಳ ಪಟ್ಟಿಯಲ್ಲಿ ಹೆಸರಿರುವ ಒಬ್ಬ ಬರಲಿಲ್ಲ ಅಂದ್ರೆ ಇಡೀ ಕೀಬೋರ್ಡ್ ಸಾಲೇ ನಿಂತುಹೋಗುತ್ತದೆ.

ಈಗ ನಿಧಾನಕ್ಕೆ ಮಾಡಿ. ಮೊದಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ, ಎಡವಟ್ಟಾದರೆ ಈಗಿನ ಸ್ಥಿತಿಗೆ ವಾಪಸ್ ಬರೋಕೆ. ಆಮೇಲೆ ಆನ್‌ಸ್ಕ್ರೀನ್ ಕೀಬೋರ್ಡ್‌ನಲ್ಲಿ ರೆಜ್‌ಎಡಿಟ್ ಅಂತ ಹುಡುಕಿ ತೆರೆಯಿರಿ, ಅದು ವಿಂಡೋಸ್ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯನ್ನು ತಿದ್ದುವ ಪ್ರೋಗ್ರಾಮ್. ಲೋಕಲ್ ಮಷೀನ್, ಅದರೊಳಗೆ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಕ್ಲಾಸ್. ಅಲ್ಲಿ ಉದ್ದುದ್ದ ಹೆಸರಿನ ಫೋಲ್ಡರ್‌ಗಳ ದೊಡ್ಡ ಸಾಲು ಇರುತ್ತದೆ, 4ಡಿ36ಇ96ಬಿ ಅಂತ ಶುರುವಾಗೋದನ್ನು ಹುಡುಕಿ. ಪಕ್ಕದಲ್ಲೇ 96ಎ, 96ಸಿ, 96ಎಫ್ ಎಲ್ಲ ಇರುತ್ತವೆ, 96ಎಫ್ ಮೌಸ್‌ದು, ಅದನ್ನು ಮುಟ್ಟಿದರೆ ಇರೋ ಒಂದು ಕೈಯೂ ಹೋಗುತ್ತದೆ! ಸರಿಯಾದ ಫೋಲ್ಡರ್ ಅಂದ್ರೆ ಬಲಗಡೆ ಕ್ಲಾಸ್ ಎದುರಿಗೆ ಕೀಬೋರ್ಡ್ ಅಂತ ಬರೆದಿರುತ್ತದೆ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ.

ಈಗ ಬಲಗಡೆ ಅಪ್ಪರ್‌ಫಿಲ್ಟರ್ಸ್ (ನಾನು ಹೇಳಿದ ಡ್ರೈವರ್‌ಗಳ ಪಟ್ಟಿ ಇದೇ) ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಚಿಕ್ಕ ಡಬ್ಬಿ ತೆರೆಯುತ್ತದೆ, ಸಾಲಿಗೊಂದು ಹೆಸರು. ಕೆಬಿಡಿಕ್ಲಾಸ್ ಇರಲೇಬೇಕು. ಅದು ಬಿಟ್ಟು ಬೇರೆ ಹೆಸರಿದ್ದರೆ ಮೊದಲು ಇಲ್ಲಿ ಹೇಳಿ. ಇಂಟರ್‌ನೆಟ್‌ನಲ್ಲಿ ಕೆಲವರು ಅಪ್ಪರ್‌ಫಿಲ್ಟರ್ಸನ್ನೇ ಪೂರ್ತಿ ಅಳಿಸಿ ಅಂತ ಬರೆದಿರುತ್ತಾರೆ, ಅದು ಡಿವಿಡಿ ಡ್ರೈವ್‌ಗೆ ಹೇಳುವ ಔಷಧಿ. ಕೀಬೋರ್ಡ್‌ಗೆ ಹಾಗೆ ಮಾಡಿದರೆ ಈಗಿರುವುದಕ್ಕಿಂತ ಒಂದು ಗುಂಡಿ ಆಳಕ್ಕೆ ಬೀಳುತ್ತೀರಿ.

ಒಂದೇ_ಮದ್ದು:

ಇಷ್ಟೆಲ್ಲ ರಿಜಿಸ್ಟ್ರಿ ಕೆದಕೋದಕ್ಕಿಂತ ಹಳೆಯ ಆವೃತ್ತಿಗೆ ವಾಪಸ್ ಹೋಗಬಹುದಲ್ವಾ? 10 ದಿನದೊಳಗೆ ಗೋ ಬ್ಯಾಕ್ ಅಂತ ಇರುತ್ತದೆ.

ಸರ್ವಿಸ್_ಬೆಂಚ್:

ಇರುತ್ತದೆ, ತಪ್ಪೇನಿಲ್ಲ, ರೀಸೆಟ್‌ಗಿಂತ ಎಷ್ಟೋ ವಾಸಿ. ಆದರೆ ಆ ಹೆಸರು ಅಲ್ಲೇ ಉಳಿಯುತ್ತದೆ, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಇದೇ ಪಾಡು. ರಿಜಿಸ್ಟ್ರಿಗೆ ಕೈ ಹಾಕಲು ಧೈರ್ಯ ಇಲ್ಲದವರಿಗೆ ಮಾತ್ರ ಅದು.

ಫೋನಲ್ಲೇ_ಟೈಪಿಂಗ್:

ಸಿಕ್ಕಿತು. ಡಬ್ಬಿಯಲ್ಲಿ ಎರಡು ಸಾಲು. ಕೆಳಗಿನದು ಕೆಬಿಡಿಕ್ಲಾಸ್, ಮೇಲಿನದು ಆ ಸಾಫ್ಟ್‌ವೇರ್‌ನ ಹೆಸರೇ. ಅಳಿಸಲಾ?

ಸರ್ವಿಸ್_ಬೆಂಚ್:

ಅಳಿಸಿ. ಆ ಹೆಸರನ್ನು ಮೌಸ್‌ನಲ್ಲಿ ಎಳೆದು ಗುರುತು ಮಾಡಿ, ರೈಟ್ ಕ್ಲಿಕ್, ಡಿಲೀಟ್. ಖಾಲಿ ಸಾಲು ಮೇಲೆ ಉಳಿಯದಂತೆ ನೋಡಿ, ಕೆಬಿಡಿಕ್ಲಾಸ್ ಮೊದಲ ಸಾಲಿಗೆ ಬರಲಿ. ಓಕೆ ಕೊಟ್ಟು ರೀಸ್ಟಾರ್ಟ್. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್.

ಫೋನಲ್ಲೇ_ಟೈಪಿಂಗ್:

ಇದನ್ನು ಲ್ಯಾಪ್‌ಟಾಪ್ ಕೀಬೋರ್ಡ್‌ನಲ್ಲೇ ಬರೆಯುತ್ತಿದ್ದೇನೆ ಸರ್!! ಎರಡೂ ಬಂದವು, ಹಳದಿ ತ್ರಿಕೋನ ಮಾಯ. ಒಂದೇ ಒಂದು ಉಳಿದಿದೆ: ಎಫ್ಎನ್ ಜೊತೆ ಒತ್ತಿ ಬೆಳಕು ಹೆಚ್ಚು ಕಮ್ಮಿ ಮಾಡುವ ಕೀಗಳು ಇನ್ನೂ ಕೇಳುತ್ತಿಲ್ಲ, ಆದರೆ ದನಿಯವು ಕೇಳುತ್ತಿವೆ. ಇದೂ ಅದೇ ಬಾಗಿಲಿನದಾ?

ಸರ್ವಿಸ್_ಬೆಂಚ್:

ಅಲ್ಲ, ಅದರ ದಾರಿ ಬೇರೆ. ಬೆಳಕಿನ ಕೀಗಳು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರ ಹಾಟ್‌ಕೀ ಡ್ರೈವರ್ (ವಿಶೇಷ ಕೀಗಳದ್ದು) ಅಥವಾ ಎಸಿಪಿಐ (ಬಯೋಸ್‌ಗೂ ವಿಂಡೋಸ್‌ಗೂ ನಡುವಿನ ವ್ಯವಸ್ಥೆ) ಮೂಲಕ ಹೋಗುತ್ತವೆ. ನಿಮ್ಮ ಮಾಡೆಲ್ ಸಂಖ್ಯೆ ಹಾಕಿ ತಯಾರಕರ ಸಪೋರ್ಟ್ ಪುಟದಲ್ಲಿ ಹಾಟ್‌ಕೀ ಅಂತ ಇರೋದನ್ನು ಇಳಿಸಿ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಬೆಳಕಿನ ಜಾರುಪಟ್ಟಿಯೇ ಕಾಣದಿದ್ದರೆ ಗ್ರಾಫಿಕ್ಸ್ ಡ್ರೈವರ್ ಹೋಗಿದೆ ಅಂತ, ಆಗ ಮೊದಲು ಅದನ್ನು ಹಾಕಿಕೊಳ್ಳಿ.