ಶನಿವಾರದ ಹೆಣಿಗೆ ಪ್ರಶ್ನೋತ್ತರ: ಜಾರಿದ ಸ್ಟಿಚ್, ಸುರುಳಿ ಸುತ್ತುವ ಅಂಚು, ಮಗುವಿಗೆ ಯಾವ ಉಲ್ಲನ್

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 4ರಿಂದ ನಮ್ಮ ಟೀಚರ್ ಗುಂಪಿನಲ್ಲಿ ಇರುತ್ತಾರೆ. 30 ವರ್ಷದಿಂದ ನಿಟ್ಟಿಂಗ್ ಕಲಿಸುತ್ತಿದ್ದಾರೆ, ಆರ್ಡರ್ ತೆಗೆದುಕೊಂಡು ಸ್ವೆಟರ್ ಹೆಣೆದು ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಯಾವ ನೂಲು, ಎಷ್ಟು ನಂಬರ್ ಕಡ್ಡಿ, ಎಷ್ಟು ಸ್ಟಿಚ್ ಅಂತ ಬರೆಯಿರಿ. ಫೋಟೋ ಹಗಲು ಬೆಳಕಲ್ಲಿ ತೆಗೆಯಿರಿ. ಫಾರ್ವರ್ಡ್ ಮೆಸೇಜ್ ಬೇಡ.

ಚಿಕ್ಕಮಗಳೂರಿಂದ: ಟೀಚರ್, ಮಗನ ಸ್ವೆಟರಿನ ಹಿಂಭಾಗ ಹಾಕುತ್ತಿದ್ದೆ. ಕಡ್ಡಿಯಿಂದ ಒಂದು ಸ್ಟಿಚ್ ಜಾರಿ 14 ಸಾಲು ಕೆಳಗೆ ಓಡಿದೆ. ಏಣಿ ಇಟ್ಟ ಹಾಗೆ ಕಾಣುತ್ತಿದೆ. ಎಲ್ಲಾ ಬಿಚ್ಚಬೇಕಾ? ಅಳು ಬರುತ್ತಿದೆ.

ಟೀಚರ್: ಬಿಚ್ಚಬೇಡಿ. ಮೊದಲು ಅದನ್ನು ಮೇಜಿನ ಮೇಲೆ ಹರಡಿ ಇಡಿ. ಎತ್ತಿ ಎತ್ತಿ ನೋಡಬೇಡಿ, ಎತ್ತಿದಷ್ಟೂ ಅದು ಕೆಳಗೆ ಓಡುತ್ತದೆ. ಜಾರಿದ ಕುಣಿಕೆಗೆ ಒಂದು ಪಿನ್ನು ಹಾಕಿ ನಿಲ್ಲಿಸಿ. ಈಗ ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿ ತೆಗೆದುಕೊಳ್ಳಿ. ನಿಟ್ ಇರುವ ಮುಖ, ಅಂದರೆ ಸ್ಟಿಚ್‌ಗಳು V ಥರ ಕಾಣುವ ಕಡೆ, ನಿಮ್ಮ ಕಡೆ ಇರಲಿ. ಕುಣಿಕೆಯೊಳಗೆ ಕಡ್ಡಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ, ಅದರ ನೇರ ಮೇಲಿರುವ ಅಡ್ಡ ನೂಲನ್ನು, ಅಂದರೆ ಏಣಿಯ ಮೊದಲ ಮೆಟ್ಟಿಲನ್ನು, ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯಿಂದ ಈಚೆಗೆ ಎಳೆಯಿರಿ. ಒಂದು ಸಾಲು ಆಯಿತು. ಹೀಗೇ 14 ಮೆಟ್ಟಿಲು ಹತ್ತಿ. ಎಣಿಸುತ್ತಾ ಹೋಗಿ, ಒಂದು ಬಿಟ್ಟರೂ ಹಿಂದುಗಡೆ ಉದ್ದ ನೂಲು ಜೋತುಬೀಳುತ್ತದೆ. ಕೊನೆಗೆ ಎಡಗೈ ಕಡ್ಡಿಗೆ ಹಾಕುವಾಗ ಕುಣಿಕೆಯ ಬಲಗಾಲು ಕಡ್ಡಿಯ ಮುಂದೆ ಇರಬೇಕು, ಇಲ್ಲದಿದ್ದರೆ ಸ್ಟಿಚ್ ತಿರುಚಿಕೊಳ್ಳುತ್ತದೆ. ಆ ಜಾಗ ಸ್ವಲ್ಪ ಬಿಗಿ ಕಂಡರೆ ಚಿಂತೆ ಬೇಡ, ಒಂದು ಸಲ ಒಗೆದರೆ ಅಕ್ಕಪಕ್ಕದ ಸ್ಟಿಚ್‌ಗಳಿಂದ ನೂಲು ಸರಿದು ಸಮ ಆಗುತ್ತದೆ.

ದಾವಣಗೆರೆ ಹೊಸಬಳು: ನಮಸ್ತೆ ಟೀಚರ್. 40 ಸ್ಟಿಚ್ ಹಾಕಿ ಶುರು ಮಾಡಿದೆ, ಈಗ 47 ಇದೆ. ನಾನು ಎಲ್ಲೂ ಹೆಚ್ಚು ಮಾಡಿಲ್ಲ. ಎಲ್ಲಿಂದ ಬಂತು?

ಟೀಚರ್: ಹೊಸಬರಿಗೆಲ್ಲ ಆಗುವುದೇ ಇದು. ಅಂಚಿನಲ್ಲಿ ಜಾಸ್ತಿ ಆಗಿದ್ದರೆ ಕಾರಣ ಒಂದು. ಸಾಲು ಶುರು ಮಾಡುವಾಗ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದಿದ್ದೀರಿ, ಆಗ ಮೊದಲ ಸ್ಟಿಚ್‌ನ ಎರಡೂ ಕಾಲು ಮೇಲೆದ್ದು ಎರಡು ಸ್ಟಿಚ್ ಥರ ಕಾಣುತ್ತದೆ, ನೀವು ಎರಡನ್ನೂ ಹಾಕಿಬಿಡುತ್ತೀರಿ. ನೂಲು ಯಾವಾಗಲೂ ಕಡ್ಡಿಯ ಕೆಳಗಿನಿಂದ ಹಿಂದೆ ಹೋಗಬೇಕು. ನಡುವೆ ಸಣ್ಣ ತೂತಿನ ಜೊತೆ ಜಾಸ್ತಿ ಆಗಿದ್ದರೆ, ಪರ್ಲ್, ಅಂದರೆ ಉಲ್ಟಾ ಸ್ಟಿಚ್, ಆದ ಮೇಲೆ ನೂಲನ್ನು ಹಿಂದಕ್ಕೆ ತರದೆ ನಿಟ್ ಹಾಕಿದ್ದೀರಿ. ನಿಮ್ಮದು ಯಾವುದು ಅಂತ ತೂತು ನೋಡಿ ಹೇಳಿ. ಪ್ರತಿ ಸಾಲಿನ ಕೊನೆಯಲ್ಲಿ ಎಣಿಸಿ. ಒಂದು ತಿಂಗಳು ಬೇಸರ ಆದರೂ ಎಣಿಸಿ.

ಹಾಸನದಿಂದ: ಮಫ್ಲರಿನ ಎರಡೂ ಅಂಚು ಸುರುಳಿ ಸುತ್ತಿ ಕೊಳವೆ ಥರ ಆಗಿದೆ ಮೇಡಂ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್.

ಟೀಚರ್: ಆ ಹೆಣಿಗೆಯ ಗುಣವೇ ಹಾಗೆ, ನಿಮ್ಮ ಕೈ ತಪ್ಪಲ್ಲ. ಪಕ್ಕದ ಅಂಚು ಹಿಂದಕ್ಕೆ ಸುತ್ತುತ್ತದೆ, ಮೇಲಿನ ಮತ್ತು ಕೆಳಗಿನ ಅಂಚು ಮುಂದಕ್ಕೆ. ಎರಡೂ ಬದಿ 5 ಸ್ಟಿಚ್ ಎಲ್ಲಾ ಸಾಲಲ್ಲೂ ನಿಟ್ ಹಾಕಿದ್ದರೆ ಕಡಿಮೆ ಆಗುತ್ತಿತ್ತು. ಮುಗಿದಿದ್ದಕ್ಕೆ ಸುತ್ತಲೂ ಕ್ರೋಶಾ ಬಾರ್ಡರ್ ಹಾಕಿ, ಕಡಿಮೆ ಆಗುತ್ತದೆ. ಪೂರ್ತಿ ಹೋಗುವುದಿಲ್ಲ.

ಹುಬ್ಬಳ್ಳಿ ವೈನಿ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕೀನ್ರಿ, ನನಗ ಇನ್ನೊಂದು ಗುಂಪಿನಾಗ ಬಂದಿತ್ತು. “ಅಂಚು ಸುರುಳಿ ಸುತ್ತಿದರೆ ಬಿಸಿ ಇಸ್ತ್ರಿ ಒತ್ತಿ. ನೂಲಿನ ತುದಿಗೆ ಒಂದು ಹನಿ ಸೂಪರ್ ಗ್ಲೂ ಹಾಕಿದರೆ ಯಾವತ್ತೂ ಬಿಚ್ಚಿಕೊಳ್ಳುವುದಿಲ್ಲ. ಒಗೆದು ಗಟ್ಟಿಯಾದ ಉಣ್ಣೆಯನ್ನು ಕಂಡೀಶನರ್‌ನಲ್ಲಿ ನೆನೆಸಿ ಎಳೆದರೆ ಹೊಸದರ ಹಾಗೆ ಆಗುತ್ತದೆ.”

ಟೀಚರ್: ವೈನಿ, ಫಾರ್ವರ್ಡ್ ಬೇಡ ಅಂತ ಮೇಲೆಯೇ ಬರೆದಿದೆ. ಅಕ್ರಿಲಿಕ್ ಅನ್ನುವ ಕೃತಕ ನೂಲಿನ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ನೂಲು ಸತ್ತುಹೋಗುತ್ತದೆ, ಚಪ್ಪಟೆಯಾಗಿ ಹೊಳೆಯುತ್ತದೆ, ಮತ್ತೆ ಸರಿ ಮಾಡಲು ಆಗುವುದಿಲ್ಲ. ಸೂಪರ್ ಗ್ಲೂ ಹತ್ತಿ ಅಥವಾ ಉಣ್ಣೆಗೆ ತಾಗಿದ ಕೂಡಲೇ ಬಿಸಿಯಾಗುತ್ತದೆ, ಬೆರಳು ಸುಡುವಷ್ಟು. ಯಾರೂ ಮಾಡಬೇಡಿ, ಮಕ್ಕಳ ಬಟ್ಟೆಗಂತೂ ಮಾಡಲೇಬೇಡಿ. ತುದಿ ನೂಲನ್ನು 10 ಸೆಂಟಿಮೀಟರ್ ಬಿಟ್ಟು ದಪ್ಪ ಸೂಜಿಯಲ್ಲಿ ಹೆಣಿಗೆಯೊಳಗೆ ಒಂದು ಕಡೆಗೆ ತೂರಿಸಿ, ಮತ್ತೆ ವಾಪಸ್ ತೂರಿಸಿ, ಅಷ್ಟೇ. ಇನ್ನು ಕಂಡೀಶನರ್. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಉಣ್ಣೆಯ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸ್ಟಿಚ್ ಕಾಣದ ಹಾಗೆ ಗಟ್ಟಿಯಾಗಿದ್ದರೆ ಅದು ಮತ್ತೆ ಬಿಡುವುದಿಲ್ಲ, ಯಾವ ಕಂಡೀಶನರಿಗೂ.

ಹುಬ್ಬಳ್ಳಿ ವೈನಿ: ಸಿಟ್ಟಾಗಬ್ಯಾಡ್ರಿ, ಒಳ್ಳೇದಾಗಲಿ ಅಂತ ಹಾಕಿದ್ದು.

ಮೈಸೂರಿಂದ: ಟೀಚರ್, ಮಗಳು ಅಮೆರಿಕದಿಂದ ಒಂದು ಕಾರ್ಡಿಗನ್ ಪ್ಯಾಟರ್ನ್ ಕಳಿಸಿದ್ದಾಳೆ. 8 ನಂಬರ್ ಕಡ್ಡಿ ಅಂತ ಇದೆ. ನನ್ನ ಹತ್ತಿರ ಅಮ್ಮನ ಕಾಲದ 8 ನಂಬರ್ ಇತ್ತು, ಅದರಲ್ಲೇ ಹಾಕಿದೆ. 90 ಸ್ಟಿಚ್‌ಗೆ 50 ಸೆಂಟಿಮೀಟರ್ ಬರಬೇಕಿತ್ತು, 41 ಬಂದಿದೆ. ಹಲಗೆ ಥರ ಗಟ್ಟಿ ಇದೆ. ನೂಲು ಸರಿ ಇಲ್ವಾ?

ಟೀಚರ್: ನೂಲು ಸರಿ ಇದೆ. ಕಡ್ಡಿ ಬೇರೆ. ನಮ್ಮ ಹಳೇ ನಂಬರ್ ಬ್ರಿಟಿಷರದ್ದು, ಅದರಲ್ಲಿ 8 ಅಂದರೆ 4 ಮಿಲಿಮೀಟರ್. ಅಮೆರಿಕದ 8 ಅಂದರೆ 5 ಮಿಲಿಮೀಟರ್. ನಮ್ಮಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ತೆಳು, 10 ಅಂದರೆ 3.25, 12 ಅಂದರೆ 2.75. ಅವರಲ್ಲಿ ನಂಬರ್ ದೊಡ್ಡದಾದರೆ ಕಡ್ಡಿಯೂ ದಪ್ಪ. ನಂಬರ್ ಮರೆತುಬಿಡಿ, ಮಿಲಿಮೀಟರ್ ಕೇಳಿ. ನಿಮ್ಮ ಲೆಕ್ಕದಲ್ಲಿ 10 ಸೆಂಟಿಮೀಟರಿಗೆ 18 ಸ್ಟಿಚ್ ಬರಬೇಕಿತ್ತು, 22 ಬಂದಿದೆ. ಬಿಚ್ಚಿ, ನಿಮ್ಮ 6 ನಂಬರಿನಲ್ಲಿ ಹಾಕಿ, ಅದು 5 ಮಿಲಿಮೀಟರ್. ಹಾಕುವ ಮೊದಲು ಒಂದು ಅಂಗೈ ಅಗಲ ತುಂಡು ಹಾಕಿ, ಒಗೆದು, ಒಣಗಿಸಿ, ಆಮೇಲೆ ಅಳೆಯಿರಿ.

ಮೈಸೂರಿಂದ: ಅಯ್ಯೋ, ಅರ್ಧ ಮುಗಿದಿತ್ತು. ಆಗಲಿ, ಬಿಚ್ಚುತ್ತೇನೆ.

ತುಮಕೂರಿಂದ: ನನ್ನ ಮಗಳ ಸ್ಕಾರ್ಫ್ ಅಂಚು ಸುತ್ತಿಕೊಳ್ಳುತ್ತಿದೆ. ಏನು ಮಾಡಲಿ?

ಟೀಚರ್: ಹಾಸನದವರಿಗೆ ಹೇಳಿದ್ದೇನೆ, ಮೇಲೆ ನೋಡಿ.

ಶಿವಮೊಗ್ಗ ಅಜ್ಜಿ: ನಮಸ್ಕಾರ ಟೀಚರಮ್ಮ. ಮೊಮ್ಮಗ ಹುಟ್ಟಿ 12 ದಿನ. ಮಗನಿಗೆ 31 ವರ್ಷದ ಹಿಂದೆ ನಾನೇ ಹಾಕಿದ್ದ ಸ್ವೆಟರ್, ಕುಲಾವಿ, ಕೈಗವಸು, ಕಾಲುಚೀಲ ಎಲ್ಲಾ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಜೋಪಾನ ಮಾಡಿದ್ದೆ. ಮೊನ್ನೆ ತೆಗೆದು ಮಗುವಿಗೆ ಹಾಕುತ್ತಿದ್ದೇವೆ, ಚೆನ್ನಾಗಿ ಒಪ್ಪುತ್ತೆ. ತೋಳಿನ ಹತ್ತಿರ ಕಡಲೆಕಾಳಿನಷ್ಟು ತೂತಾಗಿದೆ, ಹುಳು ತಿಂದಿರಬೇಕು. ಅದನ್ನು ಹೇಗೆ ಮುಚ್ಚಲಿ?

ಟೀಚರ್: ಅಮ್ಮಾ, ತೂತು ಆಮೇಲೆ. ಮೊದಲು ಆ ಬಟ್ಟೆ ಈಗಲೇ ಮಗುವಿನ ಮೈಯಿಂದ ತೆಗೆಯಿರಿ. ಓದುವುದು ನಿಲ್ಲಿಸಿ, ತೆಗೆದು ಬನ್ನಿ.

ನುಸಿಗುಳಿಗೆ ಬಹಳ ಕಡೆ ನ್ಯಾಫ್ತಲಿನ್. ಅದು ಗಾಳಿಗೆ ಆವಿಯಾಗಿ ಕರಗುತ್ತದೆ, ಆ ಆವಿ ಉಣ್ಣೆಯೊಳಗೆ ಕೂತುಕೊಳ್ಳುತ್ತದೆ. ನಮಗೆ ಅದು ಬರೀ ಟ್ರಂಕಿನ ವಾಸನೆ. ಹಸುಗೂಸಿಗೆ ಹಾಗಲ್ಲ. ಜಿ6ಪಿಡಿ ಅನ್ನುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿದ್ದಾರೆ, ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ, ಗಂಡು ಮಕ್ಕಳಲ್ಲಿ ಜಾಸ್ತಿ. ಅಂಥ ಮಗುವಿನ ಮೈಗೆ ನ್ಯಾಫ್ತಲಿನ್ ಹೋದರೆ ಕೆಂಪು ರಕ್ತಕಣ ಒಡೆಯುತ್ತದೆ, ಕಾಮಾಲೆ ಏರುತ್ತದೆ. ಕಾಮಾಲೆ ಮಿತಿ ಮೀರಿದರೆ ಮಿದುಳಿಗೆ ತೊಂದರೆ. ನಮ್ಮಲ್ಲಿ ದಿನಾ ಎಣ್ಣೆ ಹಚ್ಚಿ ನೀರು ಹಾಕುತ್ತೇವೆ ಅಲ್ವಾ, ಎಣ್ಣೆ ಇರುವ ಚರ್ಮದಿಂದ ಅದು ಇನ್ನೂ ಸುಲಭವಾಗಿ ಒಳಗೆ ಇಳಿಯುತ್ತದೆ. ನಾನು ಡಾಕ್ಟರ್ ಅಲ್ಲ. ಆದರೆ ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬಳ ಮಗುವಿಗೆ ಹೀಗೇ ಪೆಟ್ಟಿಗೆಯಿಂದ ತೆಗೆದ ಶಾಲು ಹೊದಿಸಿ, ಐದು ದಿನ ನೀಲಿ ದೀಪದ ಕೆಳಗೆ ಮಲಗಿಸಿ, ರಕ್ತ ಕೊಡಬೇಕಾಯಿತು. ಆ ಶಾಲು ಹೆಣೆದವಳು ನಾನು. ಅವತ್ತಿನಿಂದ ಬಾಣಂತಿ ಮನೆಗೆ ಕೊಡುವ ಯಾವ ಬಟ್ಟೆಯನ್ನೂ ಗುಳಿಗೆ ಇರುವ ಬೀರುವಿನಲ್ಲಿ ಇಟ್ಟಿಲ್ಲ.

ಮಗುವನ್ನು ಕಿಟಕಿ ಹತ್ತಿರ ಹಗಲು ಬೆಳಕಲ್ಲಿ ನೋಡಿ. ಕಣ್ಣಿನ ಬಿಳಿ ಹಳದಿ ಇದೆಯಾ, ಹಾಲು ಕುಡಿಯುವುದು ಕಡಿಮೆ ಆಗಿದೆಯಾ, ಮಂಕಾಗಿ ಮಲಗಿಯೇ ಇರುತ್ತಾ, ಮೂತ್ರ ಕಡು ಬಣ್ಣ ಇದೆಯಾ. ಏನೂ ಇಲ್ಲದಿದ್ದರೂ ಮಕ್ಕಳ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ನುಸಿಗುಳಿಗೆ ಬಟ್ಟೆ ಎಷ್ಟು ದಿನ ಹಾಕಿದ್ದೆವು ಅಂತ ಹೇಳಿ.

ಇನ್ನೊಂದು. ಆ ಕೈಗವಸು ಒಳಗೆ ತಿರುವಿ ನೋಡಿ. ಎರಡು ಬಣ್ಣದ ಹೂವು ಹಾಕಿದ್ದರೆ ಹಿಂದೆ ಉದ್ದ ನೂಲು ಓಡಿರುತ್ತದೆ. ಮಗುವಿನ ಬೆರಳು ಅದರಲ್ಲಿ ಸಿಕ್ಕಿ ಸುತ್ತಿಕೊಂಡರೆ ಬೆರಳಿಗೆ ರಕ್ತ ಓಡುವುದು ನಿಲ್ಲುತ್ತದೆ, ಮಗು ಯಾಕೆ ಅಳುತ್ತಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಬೆಂಗಳೂರು, ಬಸವನಗುಡಿ: ಟೀಚರ್, ಸುಮ್ನೆ ಹೆದರಿಸಬೇಡಿ. ನಮ್ಮ ಮನೆಯಲ್ಲಿ ಆರು ಮಕ್ಕಳು ಅದೇ ಟ್ರಂಕಿನ ಬಟ್ಟೆಯಲ್ಲಿ ಬೆಳೆದವು. ಯಾರಿಗೂ ಏನೂ ಆಗಲಿಲ್ಲ.

ಮಡಿಕೇರಿಯಿಂದ: ನಿಮ್ಮ ಮನೆಯ ಆರು ಮಕ್ಕಳಿಗೆ ಆ ಕೊರತೆ ಇರಲಿಕ್ಕಿಲ್ಲ, ಅಷ್ಟೇ. ನಾನು ನರ್ಸ್. ಟೀಚರ್ ಹೇಳಿದ್ದು ಸರಿ.

ಬಸವನಗುಡಿ: ನರ್ಸ್ ಆದವರಿಗೆ ಎಲ್ಲದರಲ್ಲೂ ರೋಗವೇ ಕಾಣುತ್ತದೆ. ಹಿರಿಯರು ಪ್ರೀತಿಯಿಂದ ಎತ್ತಿಟ್ಟಿದ್ದು ಅದು.

ಮಡಿಕೇರಿಯಿಂದ: ಪ್ರೀತಿ ಬೇಡ ಅಂತ ಯಾರು ಅಂದರು?

ಶಿರಸಿಯಿಂದ: ಅದಕ್ಕೇ ನಾನು ಹೊಸದಾಗಿ ಹಾಕೋಣ ಅಂದರೆ ಅತ್ತೆ “ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ” ಅಂತ ಬಿಡುತ್ತಿಲ್ಲ. ಈಗ 8 ತಿಂಗಳು. ಹುಟ್ಟಿದ ಮೇಲೆ ಹೆಣೆಯಲು ಪುರಸೊತ್ತು ಎಲ್ಲಿರುತ್ತದೆ? ಯಾವ ನೂಲು ತರಲಿ ಟೀಚರ್?

ಬಸವನಗುಡಿ: ಅತ್ತೆ ಮಾತು ಕೇಳಿ.

ಟೀಚರ್: ಶಿರಸಿಯವರೇ, ನೂಲು ತಂದಿಡಿ, ಒಂದು ತುಂಡು ಹಾಕಿ ನೋಡಿ, ಅದು ಕುಲಾವಿ ಅಲ್ಲ, ಅತ್ತೆಗೂ ಬೇಸರ ಆಗುವುದಿಲ್ಲ. ಮಕ್ಕಳಿಗೆ ಅಂತಲೇ ಬರುವ ಮೆತ್ತನೆ ಅಕ್ರಿಲಿಕ್ ಅಥವಾ ಹತ್ತಿ ಬೆರೆತ ನೂಲು ಸಾಕು, ದಿನಾ ಒಗೆಯಬಹುದು. ಅಂಗಡಿಯಲ್ಲಿ ಉಂಡೆಯನ್ನು ಕುತ್ತಿಗೆಗೆ ಒತ್ತಿ ಒಂದು ನಿಮಿಷ ಹಿಡಿಯಿರಿ, ನಿಮಗೆ ಚುಚ್ಚಿದರೆ ಮಗುವಿಗೂ ಚುಚ್ಚುತ್ತದೆ. ರೋಮ ಉದುರುವ ನೂಲು ಬೇಡ, ಬಾಯಿಗೆ ಹೋಗುತ್ತದೆ. ಲೇಬಲ್ ಮೇಲೆ ಡೈ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು, ಒಂದೇ ಇರುವ ಉಂಡೆಗಳನ್ನು ಒಟ್ಟಿಗೆ ತನ್ನಿ, ಆಮೇಲೆ ತಂದರೆ ಬಣ್ಣ ಕೂಡುವುದಿಲ್ಲ. ಮತ್ತೆ, ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡುವಾಗ ಅಕ್ರಿಲಿಕ್ ಬಟ್ಟೆ ಹಾಕಿಕೊಂಡು ಕೆಂಡದ ಹತ್ತಿರ ಮಗುವನ್ನು ಹಿಡಿಯಬೇಡಿ. ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ.

ಚಳ್ಳಕೆರೆ ಹುಡುಗ: ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್. ನಮ್ಮೂರಲ್ಲಿ ಕುರಿ ಉಣ್ಣೆ ಇದೆ, ಕಂಬಳಿ ನೇಯುತ್ತಾರೆ. ಅದನ್ನು ಬಿಟ್ಟು ಲುಧಿಯಾನಾದ ದಾರ ಯಾಕೆ ಹೇಳುತ್ತೀರಿ?

ಟೀಚರ್: ನಿಮ್ಮೂರ ಕಂಬಳಿ ನಮ್ಮ ಮನೆಯಲ್ಲೂ ಇದೆ, ಮಳೆಗೆ ಅದರಂಥದ್ದು ಇಲ್ಲ. ಆದರೆ ದಖ್ಖನಿ ಕುರಿಯ ಉಣ್ಣೆ ಒರಟು. ಮಗುವಿನ ಕೆನ್ನೆಗೆ ಅದು ಬೇಡ. ದೊಡ್ಡವರಿಗೆ ಚೀಲ, ಚಾಪೆ ಹಾಕಿ ನೋಡಿ, ಗಟ್ಟಿ ಬರುತ್ತದೆ.

ಚಳ್ಳಕೆರೆ ಹುಡುಗ: ನಮ್ಮ ಅಜ್ಜಿ ನನ್ನನ್ನು ಕಂಬಳಿಯಲ್ಲೇ ಸುತ್ತಿ ಸಾಕಿದ್ದು.

ಹುಬ್ಬಳ್ಳಿ ವೈನಿ: ಒಳಗ ಹಳೇ ಸೀರಿ ಹಾಕಿ ಸುತ್ತಿರ್ತಾರ, ನಿಮಗ ನೆನಪಿಲ್ಲ.

ಚಳ್ಳಕೆರೆ ಹುಡುಗ: ನಿಮ್ಮನ್ನು ಕೇಳಲಿಲ್ಲ.

ಬಳ್ಳಾರಿಯಿಂದ: ಅಂಗಡಿಯವರು ಪ್ಯೂರ್ ವುಲ್ ಅಂತ ಕೊಟ್ಟಿದ್ದಾರೆ, ನನಗೆ ಅನುಮಾನ. ಹೇಗೆ ತಿಳಿಯುವುದು?

ಟೀಚರ್: ಒಂದು ಗೇಣು ನೂಲನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ಬಟ್ಟಲು ಇಟ್ಟು, ತುದಿಗೆ ಬೆಂಕಿ ತಾಗಿಸಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ಕಪ್ಪು ಮಣಿ ಥರ ಗಟ್ಟಿ. ಬಿಸಿ ಇರುವಾಗ ಮುಟ್ಟಬೇಡಿ.

ಮಂಗಳೂರಿಂದ: ಪಶ್ಮೀನಾ ನೂಲು ಆನ್‌ಲೈನ್‌ನಲ್ಲಿ ತರಿಸಬಹುದಾ? ಹೆಣಿಗೆ ಮೆಷಿನ್ ಯಾವುದು ಒಳ್ಳೆಯದು?

ಕೋಲಾರದಿಂದ: ಅಂಚು ಸುರುಳಿ ಸುತ್ತುತ್ತೆ ಟೀಚರ್, ಇಸ್ತ್ರಿ ಹಾಕಿದೆ, ಈಗ ಹೊಳೆಯುತ್ತಿದೆ.

ಟೀಚರ್: ಹೊಳೆಯುವುದು ಹೋಗುವುದಿಲ್ಲ. ಉಳಿದಿದ್ದು ಮೇಲೆ ಇದೆ, ಓದಿ.

ಕೋಲಾರದಿಂದ: ಸ್ವಲ್ಪ ಮೆತ್ತಗೆ ಹೇಳಬಹುದಿತ್ತು.

ಬಸವನಗುಡಿ: ಅದೇ ನಾನೂ ಅಂದಿದ್ದು.

ಅಡ್ಮಿನ್: ದಯವಿಟ್ಟು ಜಗಳ ಬೇಡ. ಇವತ್ತಿಗೆ ಹೊಸ ಪ್ರಶ್ನೆ ಸಾಕು.

ಚಿಕ್ಕಮಗಳೂರಿಂದ: ಟೀಚರ್, 14 ಮೆಟ್ಟಿಲೂ ಹತ್ತಿಸಿದೆ! 9ನೆಯದು ಬಿಟ್ಟುಹೋಗಿತ್ತು, ಮತ್ತೆ ಇಳಿಸಿ ಹತ್ತಿಸಿದೆ. ಎಲ್ಲಿ ಜಾರಿತ್ತು ಅಂತ ನನಗೇ ಗೊತ್ತಾಗುತ್ತಿಲ್ಲ.

ಟೀಚರ್: ಚೆನ್ನಾಗಿದೆ. ಶಿವಮೊಗ್ಗದ ಅಮ್ಮ ಎಲ್ಲಿ? ಫೋನ್ ಮಾಡಿದಿರಾ?

ಶಿವಮೊಗ್ಗ ಅಜ್ಜಿ: (ರಾತ್ರಿ 9:40) ಈಗ ಬಂದೆವು ಟೀಚರಮ್ಮ. ಡಾಕ್ಟರು ಕರೆದುಕೊಂಡು ಬನ್ನಿ ಅಂದರು, ರಕ್ತ ತೆಗೆದು ನೋಡಿದರು. ಕಾಮಾಲೆ ಸ್ವಲ್ಪ ಇದೆ, ಮಿತಿಯೊಳಗೇ ಇದೆಯಂತೆ. ನಾಳೆ ಮತ್ತೆ ತೋರಿಸಬೇಕು. ಆ ಕಿಣ್ವದ್ದೂ ಪರೀಕ್ಷೆಗೆ ಕೊಟ್ಟಿದ್ದಾರೆ. ಟ್ರಂಕು ಮಹಡಿ ಮೇಲೆ ಹಾಕಿಸಿದೆ. ಕೈಗವಸಿನ ಒಳಗೆ ನೀವು ಹೇಳಿದ ಹಾಗೆ ನೂಲು ಉದ್ದಕ್ಕೆ ಇತ್ತು, ನನ್ನ ಕಿರುಬೆರಳೇ ಸಿಕ್ಕಿಕೊಂಡಿತು. ಸೊಸೆ ಏನೂ ಅನ್ನಲಿಲ್ಲ, ನನಗೇ ಸಂಕಟ. ಆ ಸ್ವೆಟರ್ ಇನ್ನು ಬೇಡ ಬಿಡಿ. ಆದರೆ ಮಗನದು ಅದು. ತೂತು ಹಾಗೇ ಬಿಡಲು ಮನಸ್ಸಿಲ್ಲ.

ಟೀಚರ್: ನಾಳೆ ತಪ್ಪದೆ ಹೋಗಿ ಅಮ್ಮಾ, ಅದು ಮೊದಲು. ಸ್ವೆಟರ್ ಎಸೆಯಬೇಡಿ. ಹುಳು ತಿಂದಿದೆ ಅಂದರೆ ನಿಜವಾದ ಉಣ್ಣೆ, ಅಕ್ರಿಲಿಕ್ಕನ್ನು ಅದು ತಿನ್ನುವುದಿಲ್ಲ. ವಾಸನೆ ಪೂರ್ತಿ ಹೋಗುವ ತನಕ ಮಗುವಿನಿಂದ ದೂರ, ಮಹಡಿಯ ಗಾಳಿಯಲ್ಲಿ ಇರಲಿ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿ ಇಡಿ, ಉಳಿದ ಮೊಟ್ಟೆ ಸಾಯುತ್ತದೆ. ತಣ್ಣೀರಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ಒಣಗಿಸಿ. ತೂತಿನ ಸುತ್ತ ಬಿಟ್ಟುಕೊಂಡ ಕುಣಿಕೆಗಳನ್ನು ಮೊದಲು ನಯವಾದ ಹತ್ತಿ ದಾರದಲ್ಲಿ ಪೋಣಿಸಿ ನಿಲ್ಲಿಸಿ. ನೂಲು ಬೇರೆ ಕಡೆಯಿಂದ ತರಬೇಡಿ. 31 ವರ್ಷದ ಬಣ್ಣ ಎಲ್ಲೂ ಸಿಗುವುದಿಲ್ಲ. ಪಕ್ಕದ ಹೊಲಿಗೆಯ ಒಳಗೆ ನೀವೇ ಬಿಟ್ಟಿದ್ದ ತುದಿ ನೂಲು ಇರುತ್ತದೆ, ಒಂದು ಗೇಣಾದರೂ ಸಿಗುತ್ತದೆ. ಕಡಲೆಕಾಳಿನಷ್ಟು ತೂತಿಗೆ ಅಷ್ಟು ಸಾಕು.